ಮಿಲ್ಟ್ರಿಯಿಂದ ಹೊಲಕ್ಕೆ: ದುಡ್ಡು ಮೊದಲು ಎಲ್ಲಿ ಹಾಕಬೇಕು?

ಮಿಲ್ಟ್ರಿಯಿಂದ ಬಂದವರ ದುಡ್ಡು ಊರಲ್ಲಿ ಮೊದಲು ಇಳಿಯೋದು ಬೋರ್‌ವೆಲ್ಲಿಗೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಕಬ್ಬು, ಭತ್ತ ಕೈ ಹಿಡಿದೀತು. ನಾಗಮಂಗಲ, ಕೆ.ಆರ್.ಪೇಟೆಯ ನಾಲೆ ಮುಟ್ಟದ ಹೊಲದಲ್ಲೂ ಅದೇ ಲೆಕ್ಕ ಹಾಕಿ ಬೋರು ಕೊರೆಸಿದರೆ, ಹದಿನೇಳು ವರ್ಷ ದುಡಿದ ಗಂಟು ಒಂದೇ ಬೇಸಿಗೆಗೆ ಮುಗಿದುಹೋಗುತ್ತೆ.

ಕ್ಯಾಪ್ಟನ್ ಗೋಪಿನಾಥ್ ಅಂದರೆ ಈಗ ಎಲ್ಲರಿಗೂ ವಿಮಾನದ ನೆನಪು. ಆ ಕಂಪೆನಿ ಹಾರಿದ್ದು 2003ರಲ್ಲಿ. ಅದಕ್ಕೆ ಬಹಳ ಮುಂಚಿನಿಂದ ಅವರು ಕೃಷಿಕರು. ಹುಟ್ಟಿದ್ದು 1951ರಲ್ಲಿ, ನಮ್ಮ ಮೇಲುಕೋಟೆಯಲ್ಲೇ, ಬೆಳೆದದ್ದು ಗೊರೂರು. 1971ರ ಯುದ್ಧ ಕಂಡು, ಎಂಟು ವರ್ಷ ಸೇವೆ ಮಾಡಿ ಮರಳಿದರು. ಮನೆತನದ ಜಮೀನು ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಅರಸೀಕೆರೆ ತಾಲೂಕು ಜಾವಗಲ್ ಕಡೆಯ ಬೀಳು. ಅಲ್ಲೇ ಗುಡಾರ ಹಾಕಿಕೊಂಡು ತೆಂಗು ಇಟ್ಟರು, ರೇಷ್ಮೆ ಸಾಕಿದರು. ಪರಿಸರಕ್ಕೆ ಹೊಂದುವ ಆ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

ರೇಷ್ಮೆಹುಳ ಒಳ್ಳೆ ಮೇಷ್ಟ್ರು ಬಿಡಿ. ಸೊಪ್ಪಿಗೆ ವಿಷ ಹೊಡೆದರೆ ಹುಳವೇ ಸಾಯುತ್ತೆ, ಹಾಗಾಗಿ ಬೇಸಾಯಗಾರ ತಾನಾಗಿಯೇ ಹದ್ದಿಗೆ ಬರುತ್ತಾನೆ. ಹುಳ ಬಿಟ್ಟ ಕಡ್ಡಿ, ಹಿಕ್ಕೆ ತಿಪ್ಪೆಗೆ. ಉಳಿದ ಸೊಪ್ಪು ಹಸುವಿಗೆ.

ಆದರೆ ಪ್ರಶಸ್ತಿಗಿಂತ ನಮಗೆ ಬೇಕಾದ ಸುದ್ದಿ ಬೇರೆ. ತೋಟದ ಜತೆಗೆ ಅವರು ಹಾಸನದಲ್ಲಿ ಎನ್‌ಫೀಲ್ಡ್ ಬೈಕ್ ಏಜೆನ್ಸಿಯನ್ನೂ ನಡೆಸಿದರು. ಎಂಟು ವರ್ಷದ ಸೇವೆಗೆ ಪೆನ್ಷನ್ ಬರೋಲ್ಲ. ತೆಂಗು ಫಲ ಕೊಡೋಕೆ ಆರೇಳು ವರ್ಷ ಬೇಕು. ಅಲ್ಲಿವರೆಗೆ ಒಲೆ ಉರಿಯಬೇಕಲ್ಲ?

ಹದಿನೈದು ವರ್ಷ ತುಂಬಿಸಿ ಬಂದ ಸಿಪಾಯಿಗೆ ತಿಂಗಳ ಪೆನ್ಷನ್ ಇದೆ. ಮರ ಬೆಳೆಯೋವರೆಗೆ ಕಾಯುವ ಶಕ್ತಿ ನಮ್ಮಂಥ ರೈತರಿಗಿಂತ ಅವನಿಗೇ ಹೆಚ್ಚು. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರ ಪಾಡು ಹಾಗಲ್ಲ. ನಾಲ್ಕು ವರ್ಷಕ್ಕೆ ಹೊರಬಂದವರಿಗೆ ಸುಮಾರು 11.7 ಲಕ್ಷ ಒಂದೇ ಸಲ ಕೈಗೆ, ಪೆನ್ಷನ್ ಇಲ್ಲ. ಆ ದುಡ್ಡಿನ ಮೇಲೆ ಬೋರ್ ಏಜೆಂಟರ ಕಣ್ಣು ಬೀಳದೆ ಇರದು.

ಅಂಥವರು ಊರಿಗೆ ಬಂದಾಗ ಕರೆದು ಕೂರಿಸಿ ಹೇಳಿ. ಮೊದಲ ಮಳೆಗೆ ಮುಂಚೆ ಬದು, ಕೃಷಿಹೊಂಡ. ಮೋರ್ಚಾ ತೋಡಿದ ಕೈಗೆ ಅದೇನು ಭಾರಿ ಕೆಲಸವಲ್ಲ. ಬದುವಿನ ಮೇಲೆ ಹೊಂಗೆ, ಹಲಸು. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು. ಎರಡು ಹಸು ಕಟ್ಟಿದರೆ ಡೇರಿ ಬಟವಾಡೆಯಲ್ಲಿ ಮನೆ ಖರ್ಚಿಗೆ ಆಸರೆ. ಹಿಂಡಿಯ ಲೆಕ್ಕ ಬರೆದಿಡಲಿ, ಅದನ್ನು ಮಿಲ್ಟ್ರಿಯವರಿಗೆ ಕಲಿಸಬೇಕಿಲ್ಲ. ತೆಂಗಿನ ಗುಣಿ ಎರಡನೇ ವರ್ಷಕ್ಕೆ. ಹೊಂಡದಲ್ಲಿ ಎಷ್ಟು ತಿಂಗಳು ನೀರು ನಿಲ್ಲುತ್ತೆ ಅಂತ ಎರಡು ಬೇಸಿಗೆ ನೋಡಿಕೊಂಡು, ಆಮೇಲೆ ಬೇಕಿದ್ದರೆ ಬೋರಿನ ಮಾತು.