ಅಕ್ಕೋರ ಕೈಗೆ ಮತ್ತೆ ಕುಂಚ

ಹಳ್ಳಿಖೇಡ (ಬಿ)ಯಂಥ ಊರಿನಲ್ಲಿ ಶಾಲೆಯಿಂದ ನಿವೃತ್ತರಾದ ಅಕ್ಕೋರಿಗೆ ಟ್ರಂಕಿನಲ್ಲಿ ಹಳೆಯ ಬಣ್ಣದ ಡಬ್ಬಿ ಸಿಕ್ಕಿತೆನ್ನಿ. "ಈ ವಯಸ್ಸಿನಾಗ ಇದೆಲ್ಲಾ ಯಾಕ್ರೀ?" ಎನ್ನುವವರು ಮನೆಯಲ್ಲೇ ಇರುತ್ತಾರೆ. ಅವರಿಗೆ ರುಮಾಲೆ ಚನ್ನಬಸವಯ್ಯನವರ ಕಥೆ ಹೇಳಿ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಚಿತ್ರಕಲೆ ಕಲಿತವರು. ಸ್ವಾತಂತ್ರ್ಯ ಹೋರಾಟಕ್ಕೆಂದು ಕುಂಚ ಕೆಳಗಿಟ್ಟರು. ಪತ್ರಿಕೆ, ರಾಜಕೀಯ ಎಂದು ವರ್ಷಗಳೇ ಉರುಳಿದವು. ಮತ್ತೆ ಹಿಡಿದದ್ದು ಐವತ್ತು ದಾಟಿದ ಮೇಲೆ! ಬೆಂಗಳೂರಿನ ಹೂಬಿಟ್ಟ ಗುಲ್‌ಮೊಹರ್, ಜಕರಂಡ ಮರಗಳ ಎದುರೇ ಕೂತು ಬರೆದರು.

ನಮ್ಮ ಕಡೆ ತೊಗರಿ ಹೊಲದ ಹಳದಿ ಇಲ್ಲವೇ? ಮುಂಜಾನೆ ಹೋಗಿ ನೋಡಿ; ಮಧ್ಯಾಹ್ನಕ್ಕೆ ಅದೇ ಹಳದಿ ಬಿಳಿಚಿಕೊಂಡಿರುತ್ತದೆ. ಜಲವರ್ಣದಲ್ಲಿ ಬೆಳಕಿಗೆಂದು ಬಿಳಿ ಬಳಿಯಬೇಡಿ. ಬಿಸಿಲು ಬಿದ್ದ ಜಾಗವನ್ನು ಹಾಗೇ ಬಿಡಿ, ಕಾಗದದ ಬಿಳುಪೇ ಬೆಳಕಾಗುತ್ತದೆ. ಕೈ ನಡುಗುತ್ತದೆಯೇ? ದಪ್ಪ ಕುಂಚ ಹಿಡಿಯಿರಿ. ಉಪ್ಪಿಟ್ಟು ಹತ್ತು ನಿಮಿಷ ತಡವಾದರೆ ಆಗಲಿ ಬಿಡಿ!