ಪರದೆಯ ಕತ್ತಿಗೆ ಪೀಣ್ಯದ ಹದ

ಬೆಂಗಳೂರಿನ ಹೊರವಲಯದ ಪಿಜಿ ಕೋಣೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ಒಂದು ಬಗೆಯ ಕಮ್ಮಾರಿಕೆ ಶುರುವಾಗುತ್ತದೆ. ಸುತ್ತಿಗೆಯಿಲ್ಲ, ಕುಲುಮೆಯಿಲ್ಲ, ಇರುವುದು ಫೋನ್ ಅಥವಾ ಲ್ಯಾಪ್‌ಟಾಪ್. ಹಗಲೆಲ್ಲ ಕೋಡ್ ಬರೆದವರು, ಲೇತ್ ಮುಂದೆ ನಿಂತವರು ರಾತ್ರಿ ಪರದೆಯ ಮೇಲೆ ಕತ್ತಿಯನ್ನು ಹರಿತ ಮಾಡುತ್ತಾರೆ, ಕವಚವನ್ನು ಗಟ್ಟಿ ಮಾಡುತ್ತಾರೆ, ಮದ್ದನ್ನು ಕುದಿಸುತ್ತಾರೆ. ರೋಲ್ ಪ್ಲೇಯಿಂಗ್ ಗೇಮ್ ಎಂದು ಕರೆಯುವ ಈ ಆಟಗಳಲ್ಲಿ ಆಡುವವರು ಒಂದು ಪಾತ್ರವನ್ನು ವಹಿಸಿಕೊಂಡು, ಬರಿಗೈಯಲ್ಲಿ ಹೊರಟ ಅದನ್ನು ದೈತ್ಯರನ್ನು ಎದುರಿಸುವ ಮಟ್ಟಕ್ಕೆ ಬೆಳೆಸಬೇಕು. ಕಥೆ ಏನೇ ಇರಲಿ, ಆ ಬೆಳವಣಿಗೆ ಲೆಕ್ಕಕ್ಕೆ ಸಿಗುವುದು ಹೊಡೆಯುವ ಆಯುಧ, ತಡೆಯುವ ಕವಚ, ಸೋತ ಮೈಗೆ ಚೇತನ ತುಂಬುವ ಮದ್ದು ಎಂಬ ಸಾಮಾನುಗಳಲ್ಲಿ. ಇವುಗಳನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿ ಕಂಪ್ಯೂಟರ್ ಆಟಗಳಿಗಿಂತ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದಲ್ಲೇ ‘ಪ್ಲಸ್ ಒನ್’ ಕತ್ತಿ ಇತ್ತು. ಅಂದಿನಿಂದ ಇಂದಿನವರೆಗೂ ಆ ‘ಪ್ಲಸ್’ ಗುರುತು ಬದಲಾಗಿಲ್ಲ. ಅದನ್ನು ಗಳಿಸುವ ದಾರಿ ಮಾತ್ರ ಬದಲಾಗಿದೆ, ಕೆಲವೆಡೆ ತೀರಾ ಕೆಟ್ಟಿದೆ. ಯಾವುದು ಒಳ್ಳೆಯ ಅಪ್‌ಗ್ರೇಡ್, ಯಾವುದು ಮೋಸ ಎಂದು ತೂಗಿ ನೋಡಲು ದೂರ ಹೋಗಬೇಕಿಲ್ಲ. ಲೋಹವನ್ನು ನಿಜವಾಗಿಯೇ ಅಪ್‌ಗ್ರೇಡ್ ಮಾಡುವ ಪೀಣ್ಯ ನಮ್ಮ ಊರಿನಲ್ಲೇ ಇದೆ.

ತುಮಕೂರು ರಸ್ತೆಯ ಪಕ್ಕದಲ್ಲಿ 1970ರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ಹೀಟ್ ಟ್ರೀಟ್‌ಮೆಂಟ್ ಒಂದನ್ನೇ ಕಸುಬಾಗಿ ಮಾಡಿಕೊಂಡ ಘಟಕಗಳಿವೆ. ಬೇರಿಂಗಿಗೆ ಬಳಸುವ ಇಎನ್ 31 ಉಕ್ಕನ್ನು ಸುಮಾರು 820ರಿಂದ 860 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಅರದಿಂದ ಉಜ್ಜಿದರೂ ಜಗ್ಗದಷ್ಟು ಗಡುಸಾಗುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಪೆಟ್ಟು ಬಿದ್ದಾಗ ಬಿರಿಯುತ್ತದೆ. ಅದಕ್ಕೇ ಮತ್ತೆ 150ರಿಂದ 200 ಡಿಗ್ರಿಯಲ್ಲಿ ಟೆಂಪರಿಂಗ್ ಮಾಡುತ್ತಾರೆ. ಗಡಸುತನ ಸ್ವಲ್ಪ ಇಳಿಯುತ್ತದೆ, ತಾಳಿಕೆ ಬರುತ್ತದೆ. ಗೇರ್ ಹಲ್ಲುಗಳಿಗೆ ಬೇರೆ ಉಪಾಯವಿದೆ: ಇಂಗಾಲ ಕಡಿಮೆ ಇರುವ ಉಕ್ಕನ್ನು ಇಂಗಾಲ ತುಂಬಿದ ವಾತಾವರಣದಲ್ಲಿ 900 ಡಿಗ್ರಿಯ ಮೇಲೆ ಗಂಟೆಗಟ್ಟಲೆ ಇರಿಸಿ, ಮೇಲಿನ ಒಂದು ಮಿಲಿಮೀಟರಿನಷ್ಟು ಪದರವನ್ನು ಮಾತ್ರ ಗಡುಸು ಮಾಡಿ, ಒಳಗಿನ ತಿರುಳನ್ನು ಮೆತ್ತಗೇ ಉಳಿಸುವುದು. ನಿಜವಾದ ಕವಚದ ತರ್ಕವೂ ಇದೇ. ಇನ್ನು ಪೀಣ್ಯದ ಟೂಲ್ ಅಂಗಡಿಗಳಲ್ಲಿ ಹೊನ್ನಿನ ಬಣ್ಣದ ಡ್ರಿಲ್ ಬಿಟ್ ನೋಡಿದವರಿಗೆ ಗೇಮಿನ ‘ಲೆಜೆಂಡರಿ’ ಆಯುಧ ನೆನಪಾದರೆ ಆಶ್ಚರ್ಯವಿಲ್ಲ. ಅದು ಕೆಲವೇ ಮೈಕ್ರಾನ್ ದಪ್ಪದ ಟೈಟಾನಿಯಂ ನೈಟ್ರೈಡ್ ಲೇಪ. ಬಣ್ಣ ಶೋಕಿಗಲ್ಲ, ಲೇಪದ ಸಹಜ ಬಣ್ಣವೇ ಅದು, ಮತ್ತು ಬಿಟ್ಟಿನ ಆಯುಷ್ಯ ನಿಜಕ್ಕೂ ಹೆಚ್ಚುತ್ತದೆ. ಇಷ್ಟೆಲ್ಲದರ ಹಿಂದಿರುವ ನಿಯಮ ಒಂದೇ: ಏನನ್ನೋ ಬಿಟ್ಟುಕೊಡದೆ ಇನ್ನೊಂದು ದಕ್ಕುವುದಿಲ್ಲ, ಮತ್ತು ಯಾವುದನ್ನು ಎಷ್ಟು ಬಿಟ್ಟುಕೊಡಬೇಕೆಂಬುದು ಕೆಲಸ ಹಿಡಿಯುವ ಮೊದಲೇ ಗೊತ್ತಿರುತ್ತದೆ.

ಒಳ್ಳೆಯ ಗೇಮುಗಳು ಈ ನಿಯಮವನ್ನು ಬಲ್ಲವು. ಪೋಲೆಂಡಿನ ಸಂಸ್ಥೆಯೊಂದು 2015ರಲ್ಲಿ ತಂದ ‘ದಿ ವಿಚರ್ 3’ರಲ್ಲಿ ಬಹುತೇಕ ಎಲ್ಲ ಮದ್ದುಗಳಲ್ಲೂ ವಿಷದ ಅಂಶವಿದೆ. ಒಂದರ ಮೇಲೊಂದು ಕುಡಿಯುತ್ತ ಹೋದರೆ ವಿಷದ ಪಟ್ಟಿ ತುಂಬಿ ನಾಯಕನ ಪ್ರಾಣವೇ ಸೋರತೊಡಗುತ್ತದೆ. ಮದ್ದನ್ನು ಬಲಪಡಿಸಿದಷ್ಟೂ ಯಾವುದನ್ನು ಯಾವಾಗ ಕುಡಿಯಬೇಕೆಂಬ ವಿವೇಕವೂ ಬಲಿಯಬೇಕು. ಔಷಧಲೋಕದ ಹಳೆಯ ಸತ್ಯ ಇದು. ಎಲೆಕ್ಟ್ರಾನಿಕ್ ಸಿಟಿಯ ಆಚೆ ಹೊಸೂರು ರಸ್ತೆಯ ಹೆಬ್ಬಗೋಡಿಯ ಕಡೆ ಬೆಳೆದ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ನಿಗೂ ಅದೇ ಲೆಕ್ಕ ಅನ್ವಯಿಸುತ್ತದೆ: ಅಳತೆ ಸರಿಯಿದ್ದರೆ ಜೀವ ಉಳಿಸುತ್ತದೆ, ಮೀರಿದರೆ ಸಕ್ಕರೆ ಕುಸಿದು ಜೀವಕ್ಕೇ ಕುತ್ತು. 2022ರ ಜಪಾನಿನ ‘ಎಲ್ಡನ್ ರಿಂಗ್’ ಇನ್ನೊಂದು ಬಗೆಯದು. ಅಲ್ಲಿ ಸಾಮಾನ್ಯ ಆಯುಧವನ್ನು 25ನೇ ಹಂತದವರೆಗೆ, ವಿಶೇಷ ಆಯುಧವನ್ನು 10ನೇ ಹಂತದವರೆಗೆ ಏರಿಸಬಹುದು. ಯಾವ ಹಂತಕ್ಕೆ ಯಾವ ಕಲ್ಲು ಬೇಕು, ಎಷ್ಟು ಬೇಕು ಎಂದು ಕಮ್ಮಾರ ಮೊದಲೇ ತೋರಿಸುತ್ತಾನೆ, ಕಲ್ಲು ಕೊಟ್ಟರೆ ಏರಿಕೆ ಖಚಿತ. ಆದರೆ ಮೇಲಿನ ಹಂತದ ಕಲ್ಲುಗಳು ಅಪರೂಪ, ಎಲ್ಲ ಕತ್ತಿಗಳಿಗೂ ಸಾಲುವುದಿಲ್ಲ. ಯಾವ ಕತ್ತಿಯನ್ನು ನಂಬಿ ಮುಂದೆ ಹೋಗುವುದೆಂದು ಆಡುವವರೇ ತೀರ್ಮಾನಿಸಬೇಕು. ಹೀಗೆ ನೋಡಿದರೆ ಅಪ್‌ಗ್ರೇಡ್ ಆಗುತ್ತಿರುವುದು ಕತ್ತಿಗಿಂತ ಹೆಚ್ಚಾಗಿ ಆಡುವವರ ವಿವೇಚನೆ.

ಮಿತಿ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಪ್ರಸಿದ್ಧ ಉದಾಹರಣೆಯಿದೆ. 2011ರ ‘ಸ್ಕೈರಿಮ್’ನಲ್ಲಿ ಕವಚವನ್ನು ಎಷ್ಟೇ ಗಟ್ಟಿ ಮಾಡಿದರೂ ಅದು ತಡೆಯುವುದು ಪೆಟ್ಟಿನ ಶೇ. 80 ಭಾಗವನ್ನು ಮಾತ್ರ. ವಿನ್ಯಾಸಕಾರರು ಅಲ್ಲಿ ಗೆರೆ ಎಳೆದಿದ್ದಾರೆ. ಆದರೆ ಮದ್ದಿನ ಕಡೆ ಆ ಗೆರೆ ಎಳೆಯಲು ಮರೆತರು. ಮದ್ದು ಕುದಿಸುವ ಶಕ್ತಿಯನ್ನು ಹೆಚ್ಚಿಸುವ ಮಂತ್ರಿಸಿದ ಉಡುಪು, ಆ ಉಡುಪಿನ ಮಂತ್ರವನ್ನೇ ಹೆಚ್ಚಿಸುವ ಮದ್ದು: ಇವೆರಡನ್ನೂ ಸುತ್ತಿಸುತ್ತ ಹೋದರೆ ಅಂಕಿಗಳು ಲಂಗುಲಗಾಮಿಲ್ಲದೆ ಏರಿ ಒಂದೇ ಏಟಿಗೆ ಡ್ರ್ಯಾಗನ್ ಉರುಳುತ್ತದೆ. ಒಂದು ಸಂಜೆ ಭಾರಿ ಮಜಾ. ಮರುದಿನ ಆ ಆಟದಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ.

ಇಲ್ಲಿಯವರೆಗಿನದು ಕಸುಬಿನ ಮಾತು, ತಪ್ಪಾದರೂ ಕಸುಬಿನ ತಪ್ಪು. ಇನ್ನೊಂದು ದಾರಿ ಕೊರಿಯಾದಿಂದ ಬಂದದ್ದು. 1998ರಲ್ಲಿ ಶುರುವಾದ ‘ಲಿನಿಯೇಜ್’ ಎಂಬ ಆನ್‌ಲೈನ್ ಆಟದಲ್ಲಿ ಆಯುಧವನ್ನು ಆರನೇ ಹಂತದವರೆಗೆ, ಕವಚವನ್ನು ನಾಲ್ಕನೆಯದರವರೆಗೆ ನಿಶ್ಚಿಂತೆಯಿಂದ ಏರಿಸಬಹುದು. ಅದರ ಮೇಲೆ ಪ್ರತಿ ಪ್ರಯತ್ನವೂ ಅದೃಷ್ಟದ ಮೇಲೆ ನಿಂತದ್ದು. ಸೋತರೆ ತಿಂಗಳುಗಟ್ಟಲೆ ಸಾಕಿದ ಕತ್ತಿಯೇ ಮಾಯ. ಅನಂತರದ ವರ್ಷಗಳಲ್ಲಿ ಉಚಿತವಾಗಿ ಡೌನ್‌ಲೋಡ್ ಆಗುವ ಮೊಬೈಲ್ ಆಟಗಳು ಈ ಪದ್ಧತಿಯನ್ನು ಎತ್ತಿಕೊಂಡವು, ಆದರೆ ಒಂದು ಬದಲಾವಣೆಯೊಂದಿಗೆ: ಪ್ರತಿ ಪ್ರಯತ್ನಕ್ಕೂ ಕಾಸು. ನಮ್ಮಲ್ಲಿ ಯುಪಿಐ ಬಂದ ಮೇಲೆ ಆ ಕಾಸು ಜೇಬಿನಿಂದ ಹೋಗುವುದೇ ತಿಳಿಯುವುದಿಲ್ಲ. ರೂಪಾಯಿ ಮೊದಲು ಆಟದ ನಾಣ್ಯವಾಗುತ್ತದೆ, ನಾಣ್ಯ ಹರಳಾಗುತ್ತದೆ, ಹರಳು ‘ಶೇ. 30 ಯಶಸ್ಸು’ ಎಂದು ಮಿನುಗುವ ಗುಂಡಿಯಾಗುತ್ತದೆ. ಆ ಹೊತ್ತಿಗೆ ಎಷ್ಟು ರೂಪಾಯಿ ಪಣಕ್ಕಿಟ್ಟೆವೆಂಬ ಲೆಕ್ಕ ಯಾರ ತಲೆಯಲ್ಲೂ ಉಳಿದಿರುವುದಿಲ್ಲ. ಉಳಿಯಬಾರದೆಂದೇ ಅಷ್ಟೊಂದು ಮೆಟ್ಟಿಲು.

ಶೇಕಡಾವಾರು ಲೆಕ್ಕ ನಮ್ಮ ಅಂದಾಜಿಗೆ ಸುಲಭವಾಗಿ ಸಿಗುವಂಥದ್ದಲ್ಲ. ನೂರಕ್ಕೆ ಮೂವತ್ತು ಎಂದರೆ ಮೂರ‍್ನಾಲ್ಕು ಸಲಕ್ಕೆ ಒಂದು ಸಲವಾದರೂ ಸಿಕ್ಕೀತು ಎಂದುಕೊಳ್ಳುತ್ತೇವೆ. ಆದರೆ ಐದು ಸಲ ಒತ್ತಿದರೂ ಒಮ್ಮೆಯೂ ಗೆಲ್ಲದಿರುವ ಸಂಭವ ಸುಮಾರು ಶೇ. 17. ಅಂದರೆ ಆರು ಜನರಲ್ಲಿ ಒಬ್ಬರಿಗೆ ಹಾಗೇ ಆಗುತ್ತದೆ. ಯಶಸ್ಸಿನ ಸಂಭವ ಶೇ. 1 ಇರುವ ಕಡೆ ನೂರು ಸಲ ಪ್ರಯತ್ನಿಸಿದವರೆಲ್ಲರಿಗೂ ಸಿಕ್ಕಿಬಿಡುತ್ತದೆಂದು ನಂಬುವವರು ಇಂಜಿನಿಯರುಗಳಲ್ಲೂ ಇದ್ದಾರೆ. ನಿಜವೆಂದರೆ ನೂರರ ನಂತರವೂ ನೂರು ಮಂದಿಯಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಇರುತ್ತಾರೆ. ಜೊತೆಗೆ, ಹಿಂದಿನ ಸೋಲುಗಳು ಮುಂದಿನ ಗೆಲುವನ್ನು ಹತ್ತಿರ ತರುವುದಿಲ್ಲ. ಹಾಗೆ ತರುವ ನಿಯಮವನ್ನು ಆಟವೇ ಬರೆದಿದ್ದರೆ ಮಾತು ಬೇರೆ.

ಇನ್ನು ತೋರಿಸಿದ ಅಂಕಿಯೇ ಸುಳ್ಳಾಗಿದ್ದರೆ? ಅದೂ ಆಗಿದೆ. ಕೊರಿಯಾದ ನೆಕ್ಸಾನ್ ಸಂಸ್ಥೆಯ ‘ಮೇಪಲ್‌ಸ್ಟೋರಿ’ಯಲ್ಲಿ ಆಯುಧ, ಕವಚಗಳ ಗುಣಗಳನ್ನು ಬದಲಿಸಲು ‘ಕ್ಯೂಬ್’ ಎಂಬ ಸಾಮಾನನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಎಲ್ಲರೂ ಬಯಸುವ ಗುಣಗಳು ಬರುವ ಸಂಭವವನ್ನು 2010ರಿಂದಲೇ ಸದ್ದಿಲ್ಲದೆ ಇಳಿಸಲಾಗಿತ್ತು, ಕೆಲವು ಜೋಡಣೆಗಳ ಸಂಭವವನ್ನು ಸೊನ್ನೆಗೇ ತಂದಿಡಲಾಗಿತ್ತು. ಜನ ಮಾತ್ರ ಕೊಳ್ಳುತ್ತಲೇ ಇದ್ದರು. 2024ರ ಜನವರಿಯಲ್ಲಿ ಅಲ್ಲಿನ ನ್ಯಾಯೋಚಿತ ವ್ಯಾಪಾರ ಆಯೋಗ ಸಂಸ್ಥೆಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಆಗಿನ ವಿನಿಮಯ ದರದಲ್ಲಿ ಅದು 70 ಕೋಟಿ ರೂಪಾಯಿಗೂ ಮೇಲೆ. ಅದೇ ವರ್ಷದ ಮಾರ್ಚ್‌ನಿಂದ ಸಂಭವದ ಪಟ್ಟಿ ಪ್ರಕಟಿಸುವುದು ಅಲ್ಲಿ ಕಾನೂನಿನ ಪ್ರಕಾರ ಕಡ್ಡಾಯವಾಯಿತು. ಚೀನಾ ಈ ಕೆಲಸವನ್ನು 2017ರಲ್ಲೇ ಮಾಡಿತ್ತು. ಬೆಲ್ಜಿಯಂ 2018ರಲ್ಲಿ ಕಾಸು ಕೊಟ್ಟು ಒಡೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ನಮ್ಮ ರಾಜ್ಯವೂ ಸುಮ್ಮನೆ ಕುಳಿತಿರಲಿಲ್ಲ, ಆದರೆ ಬೇರೆ ಗುರಿಗೆ ಬಾಣ ಬಿಟ್ಟಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ ಆಟಗಳನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣವನ್ನೋ ಬೇರೆ ಲಾಭವನ್ನೋ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಎರಡೂ ಕಾನೂನುಗಳ ಕಣ್ಣು ಇರುವುದು ಹಣ ಗೆಲ್ಲುವ ಆಟದ ಮೇಲೆ. ಅಪ್‌ಗ್ರೇಡ್ ಗುಂಡಿಯಲ್ಲಿ ಯಾರೂ ಹಣ ಗೆಲ್ಲುವುದಿಲ್ಲ, ಕಳೆದುಕೊಳ್ಳುವುದು ಮಾತ್ರ. ಗೆದ್ದರೂ ಮರಳಿ ಮಾರಲಾಗದ ಒಂದು ಕತ್ತಿ ಸಿಗುತ್ತದೆ. ಇಸ್ಪೀಟಿಗಿಂತ ನಷ್ಟದ ವ್ಯವಹಾರ, ಆದರೂ ಇದನ್ನು ಜೂಜೆಂದು ಹಿಡಿಯಲು ಆ ವ್ಯಾಖ್ಯೆಯಲ್ಲಿ ಸ್ಪಷ್ಟವಾದ ಹಿಡಿಕೆಯಿಲ್ಲ.

ಈ ವಾದಕ್ಕೆ ಎದುರು ನಿಲ್ಲುವ ಮಾತುಗಳಲ್ಲಿ ಗಟ್ಟಿಯಾದದ್ದು ಇದು: ಪೀಣ್ಯದಲ್ಲೂ ಅದೃಷ್ಟವಿಲ್ಲವೇ? ಎಣ್ಣೆಗೆ ಅದ್ದಿದಾಗ ಬಿರುಕು ಬಿಡುವ ಜಾಬ್‌ಗಳಿವೆ, ಸೊಟ್ಟಗಾಗುವ ಶಾಫ್ಟುಗಳಿವೆ, ಲಾಟ್ ಪೂರ್ತಿ ರಿಜೆಕ್ಟ್ ಆಗುವುದೂ ಉಂಟು. ಹಾಗಿರುವಾಗ ಗೇಮಿನ ಕತ್ತಿ ಒಡೆದರೆ ಅದು ಬದುಕಿಗೆ ಇನ್ನೂ ಹತ್ತಿರವಾಯಿತಲ್ಲ! ಕೇಳಲು ಚೆನ್ನಾಗಿದೆ. ಆದರೆ ಕಾರ್ಖಾನೆಯ ರಿಜೆಕ್ಷನ್ನಿಗೆ ಕಾರಣವಿರುತ್ತದೆ. ಮೂಲೆ ತೀರಾ ಚೂಪಾಗಿತ್ತು, ಎಣ್ಣೆ ಹಳತಾಗಿತ್ತು, ಟೆಂಪರಿಂಗ್ ತಡವಾಯಿತು, ಉಕ್ಕೇ ಬೇರೆ ದರ್ಜೆಯದಾಗಿತ್ತು. ಕಾರಣ ಹುಡುಕಿ ಸರಿಪಡಿಸಿದರೆ ಮುಂದಿನ ಲಾಟ್‌ನಲ್ಲಿ ಬಿರುಕು ಕಡಿಮೆಯಾಗುತ್ತದೆ. ನುರಿತ ಕೈಗೂ ಹೊಸ ಕೈಗೂ ಅಲ್ಲಿ ವ್ಯತ್ಯಾಸವಿದೆ. ಕಾಸಿನ ಗುಂಡಿಯ ಮುಂದೆ ಹತ್ತು ವರ್ಷ ಆಡಿದವರೂ ಇವತ್ತು ಬಂದವರೂ ಒಂದೇ. ಸೋಲಿನಿಂದ ಕಲಿಯಲು ಅಲ್ಲಿ ಏನೂ ಇಲ್ಲ, ಮತ್ತೆ ಕಾಸು ಹಾಕುವುದನ್ನು ಬಿಟ್ಟರೆ. ಕೆಲಸ ಮುಗಿದ ಮೇಲೆ ಹೀಟ್ ಟ್ರೀಟ್‌ಮೆಂಟ್ ಘಟಕ ಗಡಸುತನದ ಅಂಕಿ ಬರೆದ ಪರೀಕ್ಷಾ ವರದಿಯನ್ನೂ ಗ್ರಾಹಕರಿಗೆ ಕೊಡುತ್ತದೆ. ಕೋಟಿಗಟ್ಟಲೆ ವ್ಯವಹಾರದ ಗೇಮ್ ಸಂಸ್ಥೆಗಳು ಅಷ್ಟು ಮಾತ್ರದ ಲೆಕ್ಕ ಕೊಡಲು ಕಾನೂನಿಗೆ ಕಾಯಬೇಕಾಯಿತು.

ಆಡುವವರು ವಯಸ್ಕರು, ದುಡಿದ ದುಡ್ಡು ಅವರದು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸೊರಗಿ ಬಂದವರಿಗೆ ಅಂಕಿ ಏರುವ ಸಣ್ಣ ಸುಖವೂ ಬೇಡವೇ ಎನ್ನುವವರಿದ್ದಾರೆ. ಖಂಡಿತ ಬೇಕು. ಆ ಸುಖಕ್ಕೆ ಅದೃಷ್ಟದ ಗುಂಡಿ ಅಗತ್ಯವಿಲ್ಲ ಎಂಬುದಷ್ಟೇ ಇಲ್ಲಿನ ವಾದ, ಕಲ್ಲು ಕೊಟ್ಟರೆ ಕತ್ತಿ ಏರುವ ಆಟಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಉದ್ಯಮದ ಕಡೆಯ ಆಕ್ಷೇಪ ಇದಕ್ಕಿಂತ ತೂಕದ್ದು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಈ ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಪರದೇಶದ ಗೇಮ್ ಸಂಸ್ಥೆ ಕೊಂಡಿತು. ಪರದೇಶದ ಆಟಗಳಿಗೆ ಬೇಕಾದ ಚಿತ್ರಣದ ಕೆಲಸವನ್ನು ಇಲ್ಲಿನ ಕಲಾವಿದರು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. 2025ರ ಫೆಬ್ರವರಿಯಲ್ಲಿ ಇಂಥ ಚಿತ್ರಣದ ಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಅದರ ಬೆಂಗಳೂರು ಸ್ಟುಡಿಯೋದವರೂ ಕೆಲಸ ಕಳೆದುಕೊಂಡರು. ಇಂಥ ಹೊತ್ತಿನಲ್ಲಿ ಕಟ್ಟುಪಾಡು ತಂದು ಇರುವ ಆದಾಯವನ್ನೂ ಕಡಿಯಬೇಕೇ ಎಂಬ ಪ್ರಶ್ನೆ ಸಹಜ. ಆದರೆ ಇಲ್ಲಿ ಕೇಳುತ್ತಿರುವುದು ನಿಷೇಧವನ್ನಲ್ಲ, ಬೆಲೆಚೀಟಿಯನ್ನು. ಬಣ್ಣಬಣ್ಣದ ವೇಷವನ್ನೋ ಕತ್ತಿಯ ಹೊಳಪನ್ನೋ ನೇರವಾಗಿ ಇಂತಿಷ್ಟು ರೂಪಾಯಿ ಎಂದು ಮಾರಿದರೆ ಯಾರ ತಕರಾರೂ ಇಲ್ಲ. ‘ಎಲ್ಡನ್ ರಿಂಗ್’ ಒಂದೇ ಬೆಲೆಗೆ ಇಡೀ ಆಟವನ್ನು ಮಾರಿ ಜಗತ್ತಿನಾದ್ಯಂತ ಕೋಟಿಗಟ್ಟಲೆ ಪ್ರತಿಗಳನ್ನು ದಾಟಿತು.

ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು, 2024ರಿಂದ 2029ರವರೆಗಿನ ಮೂರನೇ ಆವೃತ್ತಿ ಈಗ ಜಾರಿಯಲ್ಲಿದೆ. ಸರಕಾರದ ಪ್ರೋತ್ಸಾಹಧನ ಪಡೆಯುವ ಸ್ಟುಡಿಯೋಗಳು ತಮ್ಮ ಆಟದ ಕಾಸಿನ ಅಪ್‌ಗ್ರೇಡುಗಳ ಸಂಭವದ ಪಟ್ಟಿಯನ್ನು, ರೂಪಾಯಿ ಲೆಕ್ಕದ ಸರಾಸರಿ ಖರ್ಚಿನೊಡನೆ, ಕನ್ನಡದಲ್ಲೂ ಪ್ರಕಟಿಸಬೇಕೆಂಬ ಷರತ್ತನ್ನು ಅದಕ್ಕೆ ಸೇರಿಸಬೇಕು. ಆಪಲ್ 2017ರ ಕೊನೆಯಿಂದ, ಗೂಗಲ್ ಪ್ಲೇ 2019ರಿಂದ ದುಡ್ಡು ಕೊಟ್ಟು ಕೊಳ್ಳುವ ಅದೃಷ್ಟದ ಸಾಮಾನುಗಳ ಸಂಭವವನ್ನು ಕೊಳ್ಳುವ ಮೊದಲೇ ತಿಳಿಸಬೇಕೆಂಬ ನಿಯಮ ಇಟ್ಟಿವೆ. ಬಹುಪಾಲು ಆಟಗಳಲ್ಲಿ ಆ ಪಟ್ಟಿ ಪರದೆಯ ಮೂಲೆಯ ಸಣ್ಣದೊಂದು ಗುರುತಿನ ಹಿಂದೆ ಅಡಗಿರುತ್ತದೆ. ಗುಂಡಿ ಒತ್ತುವ ಮೊದಲು ಅದನ್ನು ತೆರೆದು ಓದಿ. ಪಟ್ಟಿಯೇ ಇಲ್ಲದಿದ್ದರೆ ಅಲ್ಲಿ ಒಂದು ರೂಪಾಯಿಯನ್ನೂ ಹಾಕಬೇಡಿ.