ಬೆನ್ನಿನಲ್ಲಿ ಲಟಕ್ ಎಂದದ್ದೇನು?

ಆರ್‌.ಟಿ. ನಗರದ ಓದುಗರೊಬ್ಬರು ಬರೆದಿದ್ದಾರೆ. ಎರಡು ತಿಂಗಳಿಂದ ಅವರಿಗೆ ಸೊಂಟನೋವು. ಸ್ನೇಹಿತರ ಮಾತು ಕೇಳಿ ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿಗೆ ಹೋದರು. ಮಗ್ಗುಲಾಗಿ ಮಲಗಿಸಿ, ಭುಜವನ್ನು ಒಂದು ಕಡೆಗೆ, ಸೊಂಟವನ್ನು ಇನ್ನೊಂದು ಕಡೆಗೆ ತಿರುಗಿಸಿ ಒಮ್ಮೆ ಒತ್ತಿದರು. ಎರಡು ಸಲ 'ಲಟಕ್' ಎಂದಿತು. ನೋವು ಅರ್ಧ ಇಳಿಯಿತು, ಮೂರನೇ ದಿನ ಮರಳಿತು. ಎರಡನೇ ಭೇಟಿಯಲ್ಲಿ ಸದ್ದೇ ಬರಲಿಲ್ಲ. ಅವರ ಪ್ರಶ್ನೆ ಇದು: "ಜಾರಿದ್ದ ಮೂಳೆ ಮೊದಲ ಸಲ ಕೂತು ಮತ್ತೆ ಜಾರಿತೇ? ಎರಡನೇ ಸಲ ಕೂರಲೇ ಇಲ್ಲವೇ?"

ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಹೆಬ್ಬಾಳದಿಂದ ಯಲಹಂಕದವರೆಗೆ ಬೆನ್ನುನೋವಿನ ಫಲಕಗಳಿಗೆ ಬರವಿಲ್ಲ. ಮೂಳೆತಜ್ಞರು, ಫಿಸಿಯೋಥೆರಪಿ, ಪುತ್ತೂರು ಕಟ್ಟು, ಈಗ ಕೈರೋಪ್ರಾಕ್ಟಿಕ್. ಎಲ್ಲ ಕಡೆಯೂ ಜನ ಹೊತ್ತು ತರುವ ನಂಬಿಕೆ ಮಾತ್ರ ಒಂದೇ: ಬೆನ್ನಿನಲ್ಲಿ ಏನೋ ಜಾರಿದೆ, ಯಾರಾದರೂ ಅದನ್ನು ತಳ್ಳಿ ಕೂರಿಸಬೇಕು, ಕೂತದ್ದಕ್ಕೆ ಸಾಕ್ಷಿ ಆ ಸದ್ದು. ಆ ಸದ್ದಿನ ಕಥೆ ನಮ್ಮೆಲ್ಲರ ಮನೆಯಲ್ಲೇ ಶುರುವಾಗುತ್ತದೆ.

ದೊಡ್ಡಬಳ್ಳಾಪುರದ ನಮ್ಮಜ್ಜಿ ಮದುವೆ ಮನೆಯಿಂದ ಬಂದ ತಕ್ಷಣ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸುತ್ತಿದ್ದರು. ಎರಡೂ ಅಂಗೈಯಿಂದ ಮುಖ ಸವರಿ, ಬೆರಳು ಮಡಚಿ ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಿದ್ದರು. ಮೊದಲು ಕೂರುತ್ತಿದ್ದ ನನಗೆ ಪಟಪಟನೆ ಏಳೆಂಟು ನೆಟಿಗೆ. "ನೋಡು, ಮಗೂಗೆ ಎಷ್ಟು ದೃಷ್ಟಿಯಾಗಿದೆ!" ನನ್ನ ಹಿಂದೆ ಕೂರುತ್ತಿದ್ದ ತಮ್ಮನಿಗೆ ಒಂದೋ ಎರಡೋ. "ಇವನಿಗೆ ಅಷ್ಟಿಲ್ಲ." ತಮ್ಮನಿಗೆ ಅದೇ ಬೇಸರ, ತನ್ನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲವಲ್ಲ ಎಂದು. ಆ ತಾರತಮ್ಯಕ್ಕೆ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಒಮ್ಮೆ ಮುರಿದ ಬೆರಳು ಮತ್ತೆ ನೆಟಿಗೆ ಕೊಡಲು ಸುಮಾರು 20 ನಿಮಿಷ ಬೇಕು! ಅಜ್ಜಿಯ ಬೆರಳುಗಳು ನನ್ನ ಸರದಿಯಲ್ಲೇ ಖಾಲಿಯಾಗಿರುತ್ತಿದ್ದವು. ದೃಷ್ಟಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಯಾಕೆ 20 ನಿಮಿಷ? ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಒತ್ತುವವರೆಗೆ ಶೀಶೆಯಲ್ಲಿ ಗುಳ್ಳೆಯೇ ಕಾಣುವುದಿಲ್ಲ. ಒತ್ತಿದ ಕೂಡಲೇ ಒತ್ತಡ ಇಳಿದು, ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಬುರುಬುರು ಹೊರಬರುತ್ತದೆ. ಬೆರಳಿನ ಕೀಲೂ ಮುಚ್ಚಿದ ಚೀಲವೇ. ಒಳಗೆ ಮೊಟ್ಟೆಯ ಬಿಳಿಯಂತಹ ಕೀಲುದ್ರವ, ಅದರಲ್ಲಿ ಕರಗಿದ ಅನಿಲ. ಕೀಲನ್ನು ಎಳೆದಾಗ ಜಾಗ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ, ಒಂದು ಹಂತದಲ್ಲಿ ಎರಡು ಎಲುಬಿನ ತುದಿಗಳು ತಟ್ಟನೆ ಬೇರ್ಪಟ್ಟು ನಡುವೆ ಅನಿಲದ ಪೊಳ್ಳು ಮೂಡುತ್ತದೆ. ಆ ಅನಿಲ ಮತ್ತೆ ದ್ರವದಲ್ಲಿ ಕರಗುವವರೆಗೂ ಆ ಕೀಲು ಮೌನ.

ಸದ್ದು ಬರುವುದು ಗುಳ್ಳೆ ಹುಟ್ಟುವಾಗಲೋ ಒಡೆಯುವಾಗಲೋ ಎಂಬ ಜಗಳಕ್ಕೆ ಮುಕ್ಕಾಲು ಶತಮಾನ ತುಂಬಿದೆ. 1947ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಸ್ಟನ್ ಮತ್ತು ಹೇನ್ಸ್ ಬೆರಳುಗಳನ್ನು ಎಳೆದು ಎಕ್ಸ್‌-ರೇ ತೆಗೆದು, ಹುಟ್ಟುವಾಗ ಎಂದರು. 1971ರಲ್ಲಿ ಲೀಡ್ಸ್‌ನ ಅನ್ಸ್‌ವರ್ತ್ ಮತ್ತು ಸಂಗಡಿಗರು, ಒಡೆಯುವಾಗ ಎಂದರು. 2015ರಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕಾವ್‌ಚುಕ್ ತಂಡ ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆಸಿ ಚಿತ್ರ ಹಿಡಿಯಿತು. ಒಂದು ಚಿತ್ರದಲ್ಲಿ ಕೀಲು ಎಂದಿನಂತಿದೆ. ಸೆಕೆಂಡಿನ ಮೂರನೇ ಒಂದು ಪಾಲಿನೊಳಗೆ, ಮುಂದಿನ ಚಿತ್ರದಲ್ಲಿ, ನಡುವೆ ಕಪ್ಪು ಪೊಳ್ಳು! ಸದ್ದು ಆಗಿಹೋದ ಮೇಲೂ ಪೊಳ್ಳು ಹಾಗೇ ಇತ್ತು. ಹಾಗಾದರೆ ಒಡೆದದ್ದು ಯಾವುದು? 2018ರಲ್ಲಿ ಚಂದ್ರನ್ ಸುಜಾ ಮತ್ತು ಬರಾಕತ್ ಎಂಬ ಇಬ್ಬರು ಗಣಿತದ ಮಾದರಿ ಕಟ್ಟಿ, ಗುಳ್ಳೆ ಪೂರ್ತಿ ಒಡೆಯಬೇಕಿಲ್ಲ, ಅರೆಬರೆ ಕುಸಿದರೂ ಅಷ್ಟು ಸದ್ದು ಬಂದೀತು ಎಂದು ತೋರಿಸಿದರು. ನಮ್ಮ ಕೈಯೊಳಗಿನ ಇಷ್ಟು ಸಣ್ಣ ಸದ್ದಿಗೆ ಇಷ್ಟೊಂದು ತಲೆಗಳು ಬೆವರಿದ್ದು ನೆನೆದರೆ ನನಗೆ ಪ್ರತಿ ಸಲ ರೋಮಾಂಚನವಾಗುತ್ತದೆ.

ನೆಟಿಗೆ ಮುರಿದರೆ ಮುಪ್ಪಿನಲ್ಲಿ ಸಂಧಿವಾತ ಬರುತ್ತದೆ ಎಂಬ ಬೆದರಿಕೆಗೆ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಅಂಗರ್ ಎಂಬ ವೈದ್ಯರು ತಮ್ಮ ಮೈಯಿಂದಲೇ ಉತ್ತರ ಕೊಟ್ಟರು. ಸುಮಾರು 50 ವರ್ಷ, ದಿನಕ್ಕೆ ಎರಡು ಸಲವಾದರೂ, ಎಡಗೈ ಬೆರಳುಗಳನ್ನಷ್ಟೇ ಮುರಿದರು. 1998ರಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡೂ ಕೈಗಳ ನಡುವೆ ವ್ಯತ್ಯಾಸವಿಲ್ಲ, ಸಂಧಿವಾತ ಯಾವ ಕೈಗೂ ಇಲ್ಲ.

ಈಗ ಬೆನ್ನಿಗೆ ಬರೋಣ. ಬೆನ್ನೆಲುಬಿನ ಮಣಿಗಳ ಹಿಂಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಫ್ಯಾಸೆಟ್ ಎಂಬ ಚಿಕ್ಕ ಕೀಲುಗಳಿವೆ. ಬೆರಳಿನ ಕೀಲಿನ ಹಾಗೆಯೇ ಚೀಲ, ಹಾಗೆಯೇ ದ್ರವ. ಮಗ್ಗುಲಾಗಿಸಿ ಚುರುಕಾಗಿ ಒತ್ತಿದಾಗ ಈ ಕೀಲುಗಳು ಒಂದು ಮಿಲಿಮೀಟರ್ ಆಸುಪಾಸು ಬಾಯಿ ಬಿಡುತ್ತವೆ, ಅನಿಲದ ಪೊಳ್ಳು ಮೂಡುತ್ತದೆ, ಲಟಕ್. ಅಜ್ಜಿಯ ಕಣತಲೆಯ ಮೇಲೆ ಕೇಳಿದ ಅದೇ ಸದ್ದು. ಯಾವ ಮೂಳೆಯೂ ಎಲ್ಲಿಂದಲೂ ಬಂದು ಎಲ್ಲಿಯೂ ಕೂರಲಿಲ್ಲ.

ಇದಕ್ಕೆ ಚಂದದ ಸಾಕ್ಷಿಯಿದೆ. 2004ರಲ್ಲಿ ಕೆನಡಾದ ಸಂಶೋಧಕರು ಬೆನ್ನಿನ ಚರ್ಮಕ್ಕೆ ಕಂಪನ ಅಳೆಯುವ ಸಾಧನಗಳನ್ನು ಅಂಟಿಸಿ, ಅನುಭವಿ ಕೈರೋಪ್ರಾಕ್ಟರ್‌ಗಳಿಗೆ 'ಇಂಥದೇ ಮಣಿ ಒತ್ತಿ' ಎಂದರು. ಸೊಂಟದ ಭಾಗದಲ್ಲಿ ಸದ್ದು ಹುಟ್ಟಿದ ಜಾಗಕ್ಕೂ ಗುರಿಯಿಟ್ಟ ಜಾಗಕ್ಕೂ ಇದ್ದ ಅಂತರ ಸರಾಸರಿ ಐದು ಸೆಂಟಿಮೀಟರ್‌ಗೂ ತುಸು ಹೆಚ್ಚು. ಪಕ್ಕದ ಮಣಿಯನ್ನೇ ದಾಟುವಷ್ಟು! ಅದಕ್ಕೂ ಒಂದು ವರ್ಷ ಮೊದಲು, 71 ಸೊಂಟನೋವಿನ ರೋಗಿಗಳ ಅಧ್ಯಯನದಲ್ಲಿ ಸದ್ದು ಬಂದವರಿಗೂ ಬಾರದವರಿಗೂ ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಆರ್‌.ಟಿ. ನಗರದ ಓದುಗರೇ, ಎರಡನೇ ಸಲ ಸದ್ದು ಬರಲಿಲ್ಲವೆಂದು ಮರುಗಬೇಡಿ, ಮೊದಲ ಸಲ ಬಂತೆಂದು ಹಿಗ್ಗಲೂಬೇಡಿ.

ಹಾಗಾದರೆ ನೋವು ಇಳಿದದ್ದು ಸುಳ್ಳೇ? ಖಂಡಿತ ಅಲ್ಲ. ಆ ಚುರುಕಾದ ಒತ್ತು ಸ್ನಾಯುಗಳ ಬಿಗಿತವನ್ನೂ, ನೋವಿನ ಸುದ್ದಿಯನ್ನು ನರಗಳು ಮಿದುಳಿಗೆ ಒಯ್ಯುವ ರೀತಿಯನ್ನೂ ಸ್ವಲ್ಪ ಹೊತ್ತು ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಆರೈಕೆಗಳ ಜೊತೆಗೆ ಬೆನ್ನಿನ ಹಸ್ತಚಿಕಿತ್ಸೆಗೂ ಜಾಗವಿದೆ. ಸೊಂಟಪಟ್ಟಿಯನ್ನೂ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನೂ ಅದೇ ಮಾರ್ಗಸೂಚಿ ವಾಡಿಕೆಯ ಚಿಕಿತ್ಸೆಯಾಗಿ ಬೇಡವೆಂದಿದೆ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವಿತ್ತು. ಅಷ್ಟು ಜನರ ನೋವಿಗೆ ಸಹಾಯವಾಗುವ ಯಾವುದನ್ನೂ ತಳ್ಳಿಹಾಕುವುದು ತರವಲ್ಲ. ಚಿಕಿತ್ಸೆಗೆ ಅಂಟಿಕೊಂಡ ಕಟ್ಟುಕಥೆಯನ್ನು ಮಾತ್ರ ಬಿಡಿಸಿ ಇಡಬೇಕು.

ಕಟ್ಟುಕಥೆಯ ಮೂಲ ಅಮೆರಿಕದ ಅಯೋವಾದ ಡಾವೆನ್‌ಪೋರ್ಟ್. ಕಾಂತಚಿಕಿತ್ಸೆ ಮಾಡಿಕೊಂಡಿದ್ದ ಡಿ.ಡಿ. ಪಾಮರ್ 1895ರ ಸೆಪ್ಟೆಂಬರ್‌ನಲ್ಲಿ ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿ ಮಂದವಾಗಿದ್ದ ಕೆಲಸಗಾರನ ಬೆನ್ನು ಒತ್ತಿ ಕಿವಿ ಕೇಳಿಸಿದೆನೆಂದರು. ಕಿವಿಯ ನರ ತಲೆಬುರುಡೆಯೊಳಗೇ ನೇರ ಮಿದುಳಿಗೆ ಹೋಗುತ್ತದೆ, ಬೆನ್ನಿಗೆ ಇಳಿಯುವುದೇ ಇಲ್ಲ. ನೂರಕ್ಕೆ ತೊಂಬತ್ತೈದು ಕಾಯಿಲೆಗೆ ಜಾರಿದ ಕಶೇರುಮಣಿಯೇ ಕಾರಣ ಎಂದೂ ಪಾಮರ್ ಬರೆದರು. ಗ್ರೀಕಿನಲ್ಲಿ 'ಖೈರ್' ಎಂದರೆ ಕೈ. ಕೈಯಿಂದ ಮಾಡುವುದು ಕೈರೋಪ್ರಾಕ್ಟಿಕ್. ಪದ ಕನ್ನಡದ್ದೇ ಎನ್ನುವಷ್ಟು ಹತ್ತಿರ ಕೇಳುತ್ತದೆ. ಆ ಸಿದ್ಧಾಂತವೂ ನಮ್ಮದಕ್ಕೆ ಹತ್ತಿರವೇ: ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಉಳುಕು ಹೋಗುತ್ತದೆ ಎಂದು ಇಂದಿಗೂ ನಂಬುವವರಿದ್ದಾರೆ. ಉಳುಕು ಬಹುಮಟ್ಟಿಗೆ ಕೆಲವು ದಿನಗಳಲ್ಲಿ ತಾನೇ ವಾಸಿಯಾಗುತ್ತದೆ. ಹೆಸರು ಒದ್ದವರಿಗೆ ಬರುತ್ತದೆ. ಓದಿದವರೂ ಹೋಗಿ ಒದೆಸಿಕೊಂಡು ಬರುವುದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

'ಡಿಸ್ಕ್ ಜಾರಿದೆ' ಎಂಬ ಮಾತಿಗೂ ಇಷ್ಟೇ ಸಿಟ್ಟು. ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಕೇರಂ ಕಾಯಿಯಲ್ಲ. ನಡುವೆ ಎಳನೀರಿನ ಗಂಜಿಯಂತಹ ಲೋಳೆ; ಸುತ್ತ ಈರುಳ್ಳಿಯ ಹಾಗೆ 15ರಿಂದ 25 ಪದರ; ಒಂದು ಪದರದ ನಾರು ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ. ನಾರುಗಳ ತುದಿ ಮೇಲಿನ ಕೆಳಗಿನ ಮಣಿಗಳೊಳಗೆ ಬೇರುಬಿಟ್ಟಿರುತ್ತದೆ. ಅದು ಉಬ್ಬಬಹುದು, ಬಿರಿದು ಲೋಳೆ ಹೊರಚಾಚಬಹುದು, ಜಾರಲಾರದು. ಹೊರಚಾಚಿದ್ದನ್ನು ಎಷ್ಟೋ ಸಲ ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ.

ಎಂಆರ್‌ಐ ವರದಿ ಹಿಡಿದು ನಡುಗುವವರಿಗಾಗಿ ಇನ್ನೊಂದು ಲೆಕ್ಕ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ ಡಿಸ್ಕ್ ಉಬ್ಬು 20ರ ಹರೆಯದಲ್ಲೇ ನೂರಕ್ಕೆ 30 ಜನರಲ್ಲಿ, 80ರಲ್ಲಿ ನೂರಕ್ಕೆ 84 ಜನರಲ್ಲಿ ಕಂಡಿತು. ತಲೆಗೂದಲು ನರೆತ ಹಾಗೆ ಡಿಸ್ಕೂ ನರೆಯುತ್ತದೆ. ವರದಿಯಲ್ಲಿನ ಉಬ್ಬೇ ನಿಮ್ಮ ನೋವಿಗೆ ಕಾರಣ ಎಂದು ಅದೊಂದರಿಂದಲೇ ಹೇಳಲಾಗದು.

ಡಿಸ್ಕಿನ ಬೆರಗನ್ನು ನೀವೇ ನೋಡಬಹುದು. ಯಲಹಂಕದ ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಎರಡು ಪೆನ್ಸಿಲ್ ಗೆರೆಗಳಿವೆ. ಮೇಲಿನದು ಬೆಳಗ್ಗೆ ಹಾಸಿಗೆಯಿಂದ ಎದ್ದವನೇ ಬಂದು ನಿಂತಾಗ ಎಳೆದದ್ದು, ಕೆಳಗಿನದು ಅದೇ ರಾತ್ರಿಯದು. ನಡುವೆ ಒಂದೂವರೆ ಸೆಂಟಿಮೀಟರ್. ಹಗಲೆಲ್ಲ ಮೈಭಾರಕ್ಕೆ 23 ಡಿಸ್ಕುಗಳಿಂದ ನೀರು ಹಿಂಡಿಹೋಗಿ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳವಿಲ್ಲ. ಪೋಷಕಾಂಶ ಹೊರಗಿನಿಂದ ಮೆಲ್ಲನೆ ಇಂಗಿಯೇ ಒಳಗೆ ಬರಬೇಕು. ಬೆಳಗ್ಗೆ ಎದ್ದಾಗ ಡಿಸ್ಕು ನೀರು ತುಂಬಿ ಬಿಗಿದಿರುವುದರಿಂದ ಆಗ ಬಗ್ಗಿದರೆ ಅದರ ಮೇಲೆ ಎಳೆತ ಹೆಚ್ಚು. ಎದ್ದ ಕೂಡಲೇ ಬಗ್ಗಿ 20 ಲೀಟರಿನ ನೀರಿನ ಕ್ಯಾನ್ ಎತ್ತಬೇಡಿ. ಒಂದು ಗಂಟೆ ಕಾಯಿರಿ. ಎತ್ತುವಾಗ ಯಶವಂತಪುರ ಯಾರ್ಡಿನ ಹಮಾಲಿಗಳನ್ನು ನೋಡಿ ಕಲಿಯಿರಿ. ಮೂಟೆ ಮೈಗೆ ಅಂಟಿಕೊಂಡೇ ಇರುತ್ತದೆ, ದೂರ ಚಾಚಿದ ಕೈಯಲ್ಲಿ ಎಂದೂ ಇರುವುದಿಲ್ಲ.

ಕೊನೆಗೆ ಕತ್ತಿನ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ಕತ್ತಿನ ಮೇಲಿನ ಆರು ಮಣಿಗಳ ಎರಡೂ ಪಕ್ಕದಲ್ಲಿ ಒಂದೊಂದು ತೂತಿದೆ. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಆ ತೂತುಗಳೊಳಗೆ ದಾರ ಪೋಣಿಸಿದಂತೆ ಏರಿ, ಮೇಲಿನ ಮಣಿಯ ಬಳಿ ಚೂಪಾಗಿ ತಿರುಗುತ್ತವೆ. ಕತ್ತನ್ನು ಜೋರಾಗಿ ತಿರುಚಿದರೆ ಅವುಗಳ ಒಳಗೋಡೆ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಅಪರೂಪ, ಆದರೆ ವೈದ್ಯಕೀಯ ದಾಖಲೆಗಳಲ್ಲಿ ಇರುವಂಥದು. ಕತ್ತಿನ ಮುಂಭಾಗದ ದೊಡ್ಡ ರಕ್ತನಾಳಕ್ಕೂ ಈ ಅಪಾಯ ತಪ್ಪಿದ್ದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯಿಂದ ಬಂದ ಸುದ್ದಿ ನೆನಪಿರಬಹುದು: ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಕೊನೆಗೆ ಕತ್ತು ತಿರುಚಿಸಿಕೊಂಡ 30ರ ಯುವಕನಿಗೆ ಕೆಲವೇ ಗಂಟೆಗಳಲ್ಲಿ ಮಾತು ತೊದಲಿ, ಎಡಭಾಗ ಬಲಗುಂದಿತು. ಕತ್ತಿನ ರಕ್ತನಾಳದ ಗೋಡೆ ಹರಿದಿತ್ತು. ಕ್ಷೌರದ ಕುರ್ಚಿಯಲ್ಲಿ ತಲೆ ಹಿಡಿದ ಕೂಡಲೇ "ಕತ್ತು ಬೇಡ" ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಮಕ್ಕಳಿಗೂ ಕಲಿಸಿ.

ಬೆನ್ನು ಒತ್ತಿಸಿಕೊಳ್ಳುವ ಮುನ್ನ ಒತ್ತುವವರ ಓದು ಎಷ್ಟೆಂದು ಕೇಳಿ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಶಾಸನಬದ್ಧ ಮಂಡಳಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆ ಎಂದಿದೆ, ವಾರಾಂತ್ಯದ ಶಿಬಿರ ಅದಕ್ಕೆ ಸಾಟಿಯಲ್ಲ. ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಮೊದಲು ವೈದ್ಯರ ಬಳಿ ಹೋಗಿ. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ, ಅಂಥ ಮೂಳೆಯನ್ನು ಒತ್ತಿದರೆ ಅನಾಹುತ. ಬಿದ್ದವರು, ಮೂಳೆ ಸವೆದ ಹಿರಿಯರು ಕೂಡ ಅಷ್ಟೇ. ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಆ ಹೊತ್ತಿಗೇ ಆಸ್ಪತ್ರೆಗೆ ಓಡಿ.

ಇವು ಯಾವುವೂ ಇಲ್ಲದಿದ್ದರೆ, ಆರ್‌.ಟಿ. ನಗರದವರೇ, ಒತ್ತಿಸಿಕೊಂಡು ನೋವು ಇಳಿದ ಆ ಎರಡು ದಿನಗಳನ್ನು ವ್ಯರ್ಥ ಮಾಡಬೇಡಿ. ನೋವು ಸಡಿಲವಾಗಿದ್ದಾಗಲೇ ಎದ್ದು ಹೆಬ್ಬಾಳ ಕೆರೆಯ ದಂಡೆಗೆ ಹೋಗಿ ಅರ್ಧ ಗಂಟೆ ನಡೆಯಿರಿ, ಫಿಸಿಯೋಥೆರಪಿಸ್ಟರಿಂದ ನಾಲ್ಕು ವ್ಯಾಯಾಮ ಕಲಿತು ಮೂರನೇ ದಿನವೂ ಮಾಡಿ, ಮೂವತ್ತನೇ ದಿನವೂ ಮಾಡಿ. ಒಂದು ತಿಂಗಳಾದ ಮೇಲೆ ನನಗೆ ಮತ್ತೆ ಬರೆಯಿರಿ.